ಹೆಂಗಸರ ಕೌಂಟರಿನ ಅಕ್ಕ

ಆ ಭಾನುವಾರ ಬೆಳಿಗ್ಗೆ ಅಕ್ಕ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು ಅವರೆಕಾಳು ಹಿತಕುತ್ತಿದ್ದರು. ನನಗೂ ಒಂದು ಬಟ್ಟಲು ಕೊಟ್ಟಿದ್ದರು. ನಾನು ಹಿತಕಿದ ಕಾಳು ಎಗರಿ ಎಲ್ಲೆಲ್ಲೋ ಬೀಳುತ್ತಿತ್ತು. ಅವರ ಕಣ್ಣು ಆಗಲೇ ಮಂಜಾಗಿತ್ತು, ಆದರೂ ಒಂದು ಕಾಳೂ ತಟ್ಟೆ ಬಿಟ್ಟು ಹೋಗುತ್ತಿರಲಿಲ್ಲ. ನಾನು ರಿಟೈರಾದ ಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಅರಸೀಕೆರೆಯ ರೈಲ್ವೆ ಗೇಟಿನ ಆಚೆ, ಒಂದು ರೂಮು, ಒಂದು ಅಡುಗೆಮನೆ.

ಪಕ್ಕದ ಮನೆಯ ಸೊಸೆ ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಒಂದು ಹೊಸ ಸಿನಿಮಾ ಬಂದಿದೆಯಂತೆ, ಸಂಜೆ ಟೀವಿಗೆ ಹಾಕಿಕೊಂಡು ಎಲ್ಲರೂ ನೋಡಬೇಕು ಅಂತಿದ್ದೇವೆ, ನೋಡಬಹುದಾ ಅಂತ ಕೇಳಿದಳು. ಅಕ್ಕ ಆ ಸಿನಿಮಾವನ್ನು ಎರಡು ದಿನದ ಹಿಂದೆ ಫೋನನ್ನು ಕಿವಿಗೆ ಹತ್ತಿರ ಇಟ್ಟುಕೊಂಡು ಮುಗಿಸಿದ್ದರು.

"ಯಾರ್ ಯಾರು ನೋಡ್ತೀರ?"

"ನಾವೇ ಅಜ್ಜಿ, ಮನೆಯೋರು."

"ಮನೆಯೋರು ಅಂದ್ರೆ?"

"ಅತ್ತೆ, ಮಾವ, ಇವ್ರು, ಎರಡು ಮಕ್ಕಳು."

"ನಿಮ್ಮ ಮಾವಂಗೆ ಎದೆ ಆಪರೇಷನ್ ಆಗಿ ಎಷ್ಟ್ ದಿನ ಆಯ್ತು?"

ಅವಳು ಲೆಕ್ಕ ಹಾಕಿ ಇಪ್ಪತ್ತು ದಿನ ಅಂದಳು. ಹಾಗಾದರೆ ಬೇಡ ಅಂದರು ಅಕ್ಕ. ಅರ್ಧ ಸಿನಿಮಾ ಆಸ್ಪತ್ರೆಯಲ್ಲೇ ನಡೆಯುತ್ತದೆ, ಅವರು ಅಲ್ಲಿಂದ ಈಗ ತಾನೇ ಬಂದಿದ್ದಾರೆ, ಮತ್ತೆ ಯಾಕೆ ಕಳಿಸ್ತೀಯ ಅಂದರು. ಹುಡುಗಿ ನಕ್ಕು ಹೋದಳು. ನಾನೂ ಸ್ವಲ್ಪ ಹೊತ್ತು ಕೂತಿದ್ದು, ಮಾತ್ರೆ ತರುವುದಿದೆ ಅಂತ ಎದ್ದೆ. ಮುಂದಿನ ವಾರ ಬರುವಾಗ ಒಂದು ಹಿಡಿ ಕರಿಬೇವು ತಾ ಅಂದರು.

ಮಾರನೆಯ ದಿನ ನಲ್ಲಿಯ ಹತ್ತಿರ ಕಾಲು ಜಾರಿ ಬಿದ್ದರು. ತಿಪಟೂರಿನಲ್ಲಿದ್ದ ಅವರ ತಂಗಿಯ ಮಗಳು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದಳು. ಮೂರನೇ ದಿನ ಹೋಗಿಬಿಟ್ಟರು. ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅವರಿಗೆ ಮಾತಿರಲಿಲ್ಲ.

ಅವರಿಗೆ ನಾನು ಹೇಳಬೇಕಾಗಿದ್ದ ಒಂದು ಮಾತಿತ್ತು. ಇಪ್ಪತ್ತು ವರ್ಷದ ಮೇಲಾಗಿದೆ. ಆ ಭಾನುವಾರವೂ ಹೇಳಲಿಲ್ಲ. ಅದನ್ನು ಬರೆಯುವುದಕ್ಕೆ ಮೊದಲು ಅವರು ಯಾರು ಅನ್ನುವುದನ್ನು ಬರೆಯುತ್ತೇನೆ.

ನಮ್ಮೂರಿನ ಒಂದು ಟಾಕೀಸಿನಲ್ಲಿ ಅವರು ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದರು. ಆಗ ಹೆಂಗಸರಿಗೆ ಬೇರೆ ಕೌಂಟರು, ಒಳಗೆ ಕೂರುವುದಕ್ಕೂ ಬೇರೆ ಸಾಲು. ಗೋಡೆಯಲ್ಲಿ ಒಂದು ಕೈ ಹಿಡಿಯುವಷ್ಟು ತೂತು, ಅದಕ್ಕೆ ಸ್ವಲ್ಪ ಮೇಲೆ ಕಂಬಿ ಹಾಕಿದ ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ಅವರ ಕನ್ನಡಕ ಕಾಣುತ್ತಿತ್ತು. ಎಂಟನೇ ಕ್ಲಾಸಿನವರೆಗೆ ಓದಿದ್ದರು. ಗಂಡ ಇದ್ದರೋ, ಇದ್ದು ಹೋಗಿದ್ದರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಊರಿನವರೆಲ್ಲ ಅಕ್ಕ ಅನ್ನುತ್ತಿದ್ದರು. ಕೊನೆಕೊನೆಗೆ ಅಜ್ಜಿ ಅನ್ನುವವರೂ ಬಂದರು.

ಶುಕ್ರವಾರ ಹೊಸ ಸಿನಿಮಾ ಬರುತ್ತಿತ್ತು. ಮ್ಯಾಟಿನಿಗೆ ಟಿಕೆಟ್ ಕೊಟ್ಟು ಮುಗಿಸಿ, ಕೌಂಟರು ಮುಚ್ಚಿ, ಅವರು ಒಳಗೆ ಹೋಗಿ ಹೆಂಗಸರ ಕಡೆಯ ಕೊನೇ ಬೆಂಚಿನಲ್ಲಿ ಓರೆಯಾಗಿ ಕೂರುತ್ತಿದ್ದರು. ಅರ್ಧ ಮುಖ ಪರದೆಯ ಕಡೆಗೆ, ಅರ್ಧ ಮುಖ ಜನದ ಕಡೆಗೆ. ಲವಂಗವೊಂದು ಬಾಯಲ್ಲಿ. ಅವರು ಸಿನಿಮಾದಲ್ಲಿ ಅತ್ತಿದ್ದನ್ನು ಯಾರೂ ನೋಡಿಲ್ಲ. ಬೇರೆಯವರು ಎಲ್ಲಿ ಅತ್ತರು, ಎಲ್ಲಿ ತಲೆ ತಗ್ಗಿಸಿದರು, ಯಾವ ಮಗು ಎಲ್ಲಿ ತಾಯಿಯ ಸೆರಗು ಹಿಡಿದುಕೊಂಡಿತು, ಅದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಮೊದಲಿನ ಇಪ್ಪತ್ತು ನಿಮಿಷ ತಪ್ಪಿಹೋಗುತ್ತಿದ್ದರಿಂದ ಅಷ್ಟನ್ನು ಶನಿವಾರ ನೋಡಿಕೊಳ್ಳುತ್ತಿದ್ದರು. ಪೂರ್ತಿ ನೋಡದೆ ಏನನ್ನೂ ಹೇಳುತ್ತಿರಲಿಲ್ಲ. ಹಾಗಾಗಿ ಊರಿನ ಮರ್ಯಾದಸ್ಥ ಮನೆಗಳವರು ಯಾರೂ ಶುಕ್ರವಾರ, ಶನಿವಾರ ಸಿನಿಮಾಕ್ಕೆ ಬರುತ್ತಿರಲಿಲ್ಲ. ಭಾನುವಾರದ ಹೊತ್ತಿಗೆ ಅಕ್ಕನ ಮಾತು ಬೀದಿ ಬೀದಿಗೆ ಹೋಗಿರುತ್ತಿತ್ತು.

ಹೋಗಿದ್ದರೂ ಕೌಂಟರಿನಲ್ಲಿ ಮತ್ತೊಂದು ಸಲ ಕೇಳಬೇಕು. ತೂತಿನೊಳಗೆ ಕೈ ಹಾಕಿದರೆ ಟಿಕೆಟ್ ಬರುತ್ತಿರಲಿಲ್ಲ. ಯಾರ ಜೊತೆ ಬಂದಿದ್ದೀರಿ ಅನ್ನುವ ಪ್ರಶ್ನೆ ಬರುತ್ತಿತ್ತು. ಅವರ ಪ್ರಕಾರ ಒಂದು ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ಪಕ್ಕದಲ್ಲಿ ಕೂರುವವರು ಯಾರು ಅನ್ನುವುದೇ ಮುಖ್ಯ. ಒಂದೇ ಸಿನಿಮಾವನ್ನು ಅತ್ತಿಗೆ ನಾದಿನಿ ಸೇರಿ ನೋಡಬಹುದು, ಮಾವನ ಜೊತೆ ನೋಡಬಾರದು. ಇನ್ನೊಂದನ್ನು ಮಾವನ ಜೊತೆ ನೋಡಬಹುದು, ಆಸ್ತಿ ಪಾಲಿಗೆ ಕೂತಿರುವ ಅಣ್ಣತಮ್ಮಂದಿರು ಒಟ್ಟಿಗೆ ನೋಡಬಾರದು. ಅಂಥದ್ದೊಂದು ಸಿನಿಮಾಕ್ಕೆ ಕೊಬ್ಬರಿ ಮಂಡಿಯ ಇಬ್ಬರು ಅಣ್ಣತಮ್ಮಂದಿರ ಹೆಂಡತಿಯರು ಜೊತೆಯಲ್ಲಿ ಬಂದಾಗ, ಇವತ್ತು ಒಬ್ಬರು ಹೋಗಿ, ನಾಳೆ ಒಬ್ಬರು ಬನ್ನಿ ಅಂದಿದ್ದರಂತೆ. ಇಬ್ಬರೂ ಸಿಟ್ಟು ಮಾಡಿಕೊಂಡು ವಾಪಸ್ ಹೋದರು. ಆಮೇಲೆ ಬೇರೆ ಬೇರೆ ದಿನ ಬಂದು ನೋಡಿದರು.

ಒಂದು ಸಲ ಹೊಸದಾಗಿ ಮದುವೆಯಾದ ಜೋಡಿಯ ಜೊತೆ ಅತ್ತೆಯೂ ಬಂದಿದ್ದರು. ಮೂರು ವಾರದಿಂದ ಹಾಗೇ ಬರುತ್ತಿದ್ದರು, ಅತ್ತೆ ನಡುವೆ ಕೂರುತ್ತಿದ್ದರು. ನಾಲ್ಕನೇ ವಾರ ಅಕ್ಕ ಆ ಅತ್ತೆಗೆ ಹೇಳಿದರು:

"ಇದು ನಿಮಗಲ್ಲ ಕಣಮ್ಮ, ಬರೀ ಹೊಡೆದಾಟ, ತಲೆ ನೋವು ಬತ್ತದೆ. ಮುಂದಿನ ವಾರ ದೇವರ ಸಿನಿಮಾ ಬತ್ತಾ ಇದೆ, ಆಗ ನೀವು ಬನ್ನಿ. ಅವರಿಬ್ಬರೂ ನೋಡ್ಕಂಡು ಬರಲಿ ಬಿಡಿ."

ಆ ಸಿನಿಮಾದಲ್ಲಿ ಒಂದೇ ಒಂದು ಹೊಡೆದಾಟವೂ ಇರಲಿಲ್ಲ. ಇದನ್ನು ನನಗೆ ಹೇಳುವಾಗ ಅಕ್ಕನ ಮುಖದಲ್ಲಿ ನಗು ಇರಲಿಲ್ಲ, ಲವಂಗವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಹಾಕಿಕೊಂಡರು ಅಷ್ಟೇ.

ಟಾಕೀಸಿನ ಮಾಲೀಕರು ತೆಂಗು, ಕೊಬ್ಬರಿ ವ್ಯಾಪಾರದವರು, ಮಠಕ್ಕೆ ನಡೆದುಕೊಳ್ಳುವ ಮನುಷ್ಯ. ಈಯಮ್ಮ ಟಿಕೆಟ್ ಮಾರೋಕೆ ಕೂತಿದಾಳೋ, ಬಂದೋರನ್ನ ವಾಪಸ್ ಕಳ್ಸೋಕೆ ಕೂತಿದಾಳೋ ಅಂತ ಎಲ್ಲರೆದುರು ಗೊಣಗುತ್ತಿದ್ದರು. ಆದರೆ ತೆಗೆದುಹಾಕಲಿಲ್ಲ. ಅವರ ಮನೆಯ ಹೆಂಗಸರೇ ಅಕ್ಕನನ್ನು ಕೇಳದೆ ಅವರದೇ ಟಾಕೀಸಿಗೆ ಬರುತ್ತಿರಲಿಲ್ಲ.

ನಾನು ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅರಸೀಕೆರೆ ಬಿಟ್ಟರೆ ಜಾವಗಲ್, ಹಳೇಬೀಡು, ಬೇಲೂರು. ಹಳೇಬೀಡು ದಾಟಿದ ಮೇಲೆ ಮಾದಿಹಳ್ಳಿಯ ಒಳಗೂ ಹೋಗಿ ಬರುತ್ತಿದ್ದೆವು. ಸಿನಿಮಾದ ರೀಲು ತುಂಬಿದ ಪೆಟ್ಟಿಗೆಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತಿತ್ತು. ಅರಸೀಕೆರೆಯಲ್ಲಿ ಓಡಿ ಮುಗಿದ ಸಿನಿಮಾ ಕೆಲವು ವಾರ ಬಿಟ್ಟು ಜಾವಗಲ್ಲಿನ ಟೆಂಟಿಗೆ, ಹಳೇಬೀಡಿನ ಟೆಂಟಿಗೆ, ಬೇಲೂರಿಗೆ. ಎಷ್ಟೋ ಸಲ ಆ ಪೆಟ್ಟಿಗೆ ನಮ್ಮ ಬಸ್ಸಿನ ಮೇಲೇ ಹೋಗಿದೆ. ಪೆಟ್ಟಿಗೆ ಹೋಗುವುದಕ್ಕೆ ಮೊದಲು ಅಕ್ಕನ ಮಾತು ಹೋಗಬೇಕಿತ್ತು. ಅದನ್ನು ಒಯ್ಯುತ್ತಿದ್ದವನು ನಾನು.

ಯಾರು ಶುರು ಮಾಡಿದರೋ ನೆನಪಿಲ್ಲ. ಜಾವಗಲ್ಲಿನಲ್ಲಿ ಯಾರೋ ಹೆಂಗಸು ಕೇಳಿರಬೇಕು, ಅರಸೀಕೆರೆಯ ಅಕ್ಕ ಏನಂದರು ಅಂತ. ನಾನು ಮಾರನೆಯ ದಿನ ಕೇಳಿಕೊಂಡು ಬಂದು ಹೇಳಿರಬೇಕು. ಆಮೇಲೆ ಅದು ರೂಢಿಯಾಯಿತು. ಪೆಟ್ಟಿಗೆ ಈ ಕಡೆ ಬರುವ ಸುದ್ದಿ ಸಿಕ್ಕಿದ ದಿನ ಬೆಳಿಗ್ಗೆ ನಾನು ಟಾಕೀಸಿನ ಹತ್ತಿರ ಹೋಗುತ್ತಿದ್ದೆ. ಅಕ್ಕ ಹೇಳುತ್ತಿದ್ದರು, ನಾನು ಕೇಳಿಕೊಂಡು ಬಸ್ಸು ಹತ್ತುತ್ತಿದ್ದೆ. ಸ್ಟಾಪಿನಲ್ಲಿ ಬಸ್ಸು ನಿಂತ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಿದ್ದರು. ಸೀಟು ಸಿಗುತ್ತದೋ ಇಲ್ಲವೋ ಅನ್ನುವುದಕ್ಕಿಂತ ಮೊದಲು ಅದನ್ನೇ ಕೇಳುವವರಿದ್ದರು. ಬಸ್ತಿಹಳ್ಳಿಯ ಒಬ್ಬ ಮೇಷ್ಟ್ರು, ಬಸದಿ ನೋಡೋಕೆ ಬರೋರೂ ಇಷ್ಟು ಪ್ರಶ್ನೆ ಕೇಳಲ್ಲ ಕಣಯ್ಯ ಅಂತ ನನ್ನನ್ನು ಹಾಸ್ಯ ಮಾಡುತ್ತಿದ್ದರು. ಅವರ ಮನೆಯವರೂ ಕೇಳುತ್ತಿದ್ದರು.

ನನಗೆ ಅದರಲ್ಲಿ ಹೆಮ್ಮೆ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಟಿಕೆಟ್ ಹರಿಯುವ ಕೆಲಸಕ್ಕೆ ಬಂದವನು ನಾನು. ನನ್ನ ಬಾಯಿಂದ ಬಂದ ಮಾತಿಗೆ ಇಡೀ ಮನೆಯವರು ಹೊರಡುತ್ತಾರೆ ಅಥವಾ ಹೊರಡದೆ ಉಳಿಯುತ್ತಾರೆ ಅನ್ನುವುದು ಸಣ್ಣ ವಿಷಯವಾಗಿ ಕಂಡಿರಲಿಲ್ಲ. ಮಾತು ನನ್ನದಲ್ಲ ಅನ್ನುವುದನ್ನು ಕೆಲವು ಸಲ ಮರೆಯುತ್ತಿದ್ದೆ.

ಒಂದು ವರ್ಷ ಹೀಗೊಂದು ಸಿನಿಮಾ ಬಂತು. ಹೊಳೆಯಲ್ಲಿ ಕೊಚ್ಚಿಹೋದ ತಾಯಿ ಸತ್ತಳೆಂದು ಮನೆಯವರು ತಿಥಿ ಮಾಡುತ್ತಾರೆ. ಮಗು ಬೆಳೆಯುತ್ತದೆ. ಕೊನೆಯಲ್ಲಿ ಆ ತಾಯಿ ಒಂದು ಬಟ್ಟೆ ಚೀಲ ಹಿಡಿದುಕೊಂಡು ಬಸ್ಸಿನಿಂದ ಇಳಿಯುತ್ತಾಳೆ. ಅರಸೀಕೆರೆಯಲ್ಲಿ ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ನೋಡಿದರು. ಪೆಟ್ಟಿಗೆ ಈ ಕಡೆ ಬರುವ ದಿನ ನಾನು ಎಂದಿನ ಹಾಗೆ ಅಕ್ಕನ ಹತ್ತಿರ ಹೋದೆ.

"ಇದು ಎಲ್ಲಾರೂ ನೋಡೋ ಸಿನಿಮಾ," ಅಂದರು. "ಒಂದು ಕೆಟ್ಟ ಮಾತಿಲ್ಲ. ಆದ್ರೆ ತಾಯಿ ಹೋಗಿರೋ ಮಗು ಇರೋ ಮನೆಯೋರಿಗೆ ಬೇಡ ಅನ್ನು. ಅದನ್ನ ಮರೀಬೇಡ."

ನಾನು ಕೇಳಿದೆ, ಕೊನೆಯಲ್ಲಿ ತಾಯಿ ವಾಪಸ್ ಬರುತ್ತಾಳಲ್ಲ, ಒಳ್ಳೆಯದೇ ಅಲ್ಲವಾ ಅಂತ.

"ನಿಂಗೂ ನಂಗೂ ಒಳ್ಳೇದು ಕಣಯ್ಯ. ಆ ಮಗಾ ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ತದೆ?"

ಅವತ್ತು ಜಾವಗಲ್ ಸಂತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಾವಗಲ್ಲಿನಲ್ಲಿ ಕೇಳಿದವರಿಗೆ ನಾನು ಪೂರ್ತಿ ಹೇಳಿದೆ, ಅದು ನೆನಪಿದೆ. ಅಲ್ಲಿಂದ ಮುಂದೆ ಒಬ್ಬ ಎರಡು ಕುರಿ ಹತ್ತಿಸಲು ನೋಡಿದ, ಅವನ ಜೊತೆ ಜಗಳವಾಯಿತು. ಹಳೇಬೀಡಿನಲ್ಲಿ ಕೇಳಿದಾಗ, ಮಕ್ಕಳಿಗೆ ಒಳ್ಳೆಯದಂತೆ, ಒಂದು ಕೆಟ್ಟ ಮಾತಿಲ್ಲವಂತೆ ಅಂದೆ. ಮಾದಿಹಳ್ಳಿಗೆ ಹೋಗುವ ಹೊತ್ತಿಗೆ ಅಷ್ಟು ಮಾತೂ ಉಳಿದಿರಲಿಲ್ಲ. ಅಲ್ಲಿ ದಿನಾ ಮೊಸರಿನ ಕುಕ್ಕೆ ಇಟ್ಟುಕೊಂಡು ನಮ್ಮ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಇತ್ತು. ಅವತ್ತು ಹತ್ತಲಿಲ್ಲ, ಕೆಳಗೆ ನಿಂತೇ ಕೇಳಿತು.

"ಏನ್ ಕಂಡಕ್ಟ್ರೇ, ಅವಮ್ಮ ಏನಂದ್ಲು?"

"ನೋಡ್ಬೌದಂತೆ ಅಜ್ಜಿ, ಎಲ್ಲಾರೂ ನೋಡ್ಬೌದಂತೆ," ಅಂದು ಸೀಟಿ ಊದಿದೆ.

ಅಜ್ಜಿಯ ಪಕ್ಕದಲ್ಲಿ ಅದರ ಮೊಮ್ಮಗಳು ನಿಂತಿದ್ದಳು. ಎರಡನೇ ಕ್ಲಾಸಿನ ಹುಡುಗಿ. ಹಿಂದಿನ ವರ್ಷ ಆ ಹುಡುಗಿಯ ತಾಯಿ ತೀರಿಕೊಂಡಿದ್ದಳು. ನನಗೆ ಅದು ಗೊತ್ತಿತ್ತು. ಹೆಣ ಸಾಗಿಸುವ ದಿನ ನಮ್ಮ ಬಸ್ಸು ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಿತ್ತು, ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ. ಆ ದಿನ ಮಾತ್ರ ಯಾಕೋ ಹೊಳೆಯಲಿಲ್ಲ. ಗಲಾಟೆ ಇತ್ತು ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಲಾಟೆ ಇದ್ದದ್ದು ನಿಜ.

ಒಂದು ವಾರ ಕಳೆದ ಮೇಲೆ ಆ ಹುಡುಗಿ ಒಬ್ಬಳೇ ಸ್ಟಾಪಿನಲ್ಲಿ ನಿಂತಿರುವುದು ಕಂಡಿತು. ಮಾರನೆಯ ದಿನವೂ ನಿಂತಿದ್ದಳು. ಸ್ಕೂಲಿನ ಹೊತ್ತು. ಬಸ್ಸು ನಿಂತ ಕೂಡಲೇ ಮುಂದಿನ ಬಾಗಿಲ ಹತ್ತಿರ ಬಂದು, ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಎಲ್ಲರೂ ಇಳಿದ ಮೇಲೆ ಒಳಗೆ ಇಣುಕುತ್ತಿದ್ದಳು. ಆಮೇಲೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಮೂರನೇ ದಿನ ನಾನೇ ಕೇಳಿದೆ, ಯಾರು ಬರಬೇಕಮ್ಮ ಅಂತ.

"ಅಮ್ಮ."

ನಾನು ಸೀಟಿ ಊದಿದೆ.

ಅವತ್ತೇ ಸಂಜೆ ಅರಸೀಕೆರೆಗೆ ಬಂದು ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಎರಡು ವಾರ ಆ ಹುಡುಗಿ ದಿನಾ ನಿಂತಳು. ನಾನು ದಿನಾ ಬಾಗಿಲು ತೆಗೆದೆ. ಡ್ರೈವರು ಒಂದು ದಿನ, ಏನ್ಲಾ, ಈ ಮಗಾ ಶಾಲೆಗೆ ಹೋಗಕಿಲ್ವ ಅಂತ ಕೇಳಿದ. ಗೊತ್ತಿಲ್ಲ ಅಂದೆ.

ಆಮೇಲೆ ಒಂದು ದಿನ ಅಜ್ಜಿ ಮೊಸರಿನ ಕುಕ್ಕೆ ಇಲ್ಲದೆ ಬಸ್ಸು ಹತ್ತಿತು. ಅರಸೀಕೆರೆ ಅಂದಿತು. ನಾನು ಟಿಕೆಟ್ ಕೊಟ್ಟೆ. ಮುಖದಲ್ಲಿ ಸಿಟ್ಟಿತ್ತು, ನನ್ನ ಮೇಲಲ್ಲ, ಅಕ್ಕನ ಮೇಲೆ. ಊರಿನಲ್ಲಿ ನಮ್ಮ ಬಸ್ಸಿಗೆ ಒಂದು ಗಂಟೆ ಬಿಡುವಿತ್ತು. ಅಜ್ಜಿ ಟಾಕೀಸು ಎಲ್ಲಿ ಅಂತ ಕೇಳಿಕೊಂಡು ನಡೆಯಿತು. ನಾನು ಸ್ವಲ್ಪ ದೂರ ಬಿಟ್ಟು ಹಿಂದೆ ಹೋದೆ.

ಮ್ಯಾಟಿನಿಗೆ ಹೆಂಗಸರ ಸಾಲು ನಿಂತಿತ್ತು. ಅಜ್ಜಿ ಸಾಲು ದಾಟಿ ನೇರ ಕಿಟಕಿಗೆ ಹೋಯಿತು.

"ಯಾವಳವ್ವ ನೀನು? ನಿನ್ ಮಾತ್ ಕೇಳ್ಕಂಡು ನಮ್ ಮಗೀನ ಟೆಂಟಿಗೆ ಕರ್ಕಂಡೋದೆ. ಈಗ ಅದು ಬಸ್ಟಾಪು ಬುಟ್ಟು ಬತ್ತಾ ಇಲ್ಲ. ಸತ್ತೋಳು ಬತ್ತಾಳೆ ಅಂತ ಕಾಯ್ತಾ ಐತೆ. ನಾನೇ ಮಣ್ಣಿಗಿಟ್ಟಿವ್ನಿ ಕಣೇ, ನಾನೇ."

ಅಕ್ಕ, ಯಾವ ಊರು ತಾಯಿ ಅಂತ ಕೇಳಿದರು. ಮಾದಿಹಳ್ಳಿ ಅಂದಿತು ಅಜ್ಜಿ. ಅಕ್ಕ ಕಿಟಕಿಯ ಕಂಬಿಯ ಹಿಂದಿನಿಂದ ಅಜ್ಜಿಯ ಭುಜದ ಮೇಲಾಗಿ ನನ್ನ ಕಡೆ ನೋಡಿದರು. ಒಂದು ಸಲ ನೋಡಿದರು. ಆಮೇಲೆ ಅಜ್ಜಿಯನ್ನು ನೋಡಿ ಹೇಳಿದರು:

"ತಪ್ಪಾಯ್ತು ಕಣವ್ವ. ನಾನು ಕೇಳ್ಬೇಕಾಗಿತ್ತು."

ನಾನು ಅಲ್ಲೇ ಇದ್ದೆ. ನಾಲ್ಕು ಹೆಜ್ಜೆ ಮುಂದೆ ಬಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅಜ್ಜಿ ಇನ್ನೂ ಸ್ವಲ್ಪ ಬೈದು, ಕೂತು ಅತ್ತು, ಯಾರೋ ಕೊಟ್ಟ ನೀರು ಕುಡಿದು, ನಮ್ಮ ಬಸ್ಸಿನಲ್ಲೇ ವಾಪಸ್ ಹೋಯಿತು.

ಸುದ್ದಿಯೂ ಅದೇ ಬಸ್ಸಿನಲ್ಲಿ ಹೋಯಿತು. ಹಳೇಬೀಡು, ಜಾವಗಲ್ ಎಲ್ಲ ಕಡೆ, ಅರಸೀಕೆರೆಯವಳ ಮಾತು ನಂಬಿ ಒಂದು ಮಗು ಕೆಟ್ಟಿತು ಅಂದರು. ಸ್ಟಾಪಿನಲ್ಲಿ ಯಾರೂ ಏನೂ ಕೇಳದೆ ಬಸ್ಸು ಹತ್ತತೊಡಗಿದರು. ಅರಸೀಕೆರೆಯ ಹೆಂಗಸರೂ ಕೌಂಟರಿನಲ್ಲಿ, ಯಾರ ಜೊತೆ ಅನ್ನುವ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡದೆ, ಟಿಕೆಟ್ ಕೊಡಮ್ಮ ಸುಮ್ನೆ ಅನ್ನುವ ಹಾಗಾಯಿತು. ಮಾಲೀಕರು, ಈಗಲಾದ್ರೂ ಬಾಯಿ ಮುಚ್ಕೊಂಡು ಟಿಕೆಟ್ ಹರೀತೀಯ ಅಂದರಂತೆ. ಅಕ್ಕನ ಹತ್ತಿರ ಇದ್ದದ್ದು ಆ ಒಂದು ಮಾತೇ. ಮನೆಯಿಲ್ಲ, ಜಮೀನಿಲ್ಲ, ಹಿಂದೆ ಮುಂದೆ ಜನ ಇಲ್ಲ. ಅವರು ಹೇಳಿದ್ದನ್ನು ಜನ ನಂಬುತ್ತಾರೆ ಅನ್ನುವುದರ ಮೇಲೆ ಊರಿನಲ್ಲಿ ಅವರಿಗೆ ಒಂದು ಜಾಗವಿತ್ತು.

ಗುರುವಾರ ಟಾಕೀಸಿಗೆ ಜನ ಕಡಿಮೆ. ಆ ಗುರುವಾರ ಅಕ್ಕ ಅರ್ಧ ದಿನ ರಜೆ ಹಾಕಿ ನಮ್ಮ ಬಸ್ಸು ಹತ್ತಿದರು. ಮಾದಿಹಳ್ಳಿ ಅಂದರು. ನಾನು ಟಿಕೆಟ್ ಬೇಡ ಅಂದೆ. ಕೊಡು ಅಂದರು. ಮಾದಿಹಳ್ಳಿಯಲ್ಲಿ ಇಳಿದರು. ಆ ಹುಡುಗಿ ಎಂದಿನ ಹಾಗೆ ಬಾಗಿಲ ಹತ್ತಿರ ಬಂದು ಇಳಿಯುವವರನ್ನು ನೋಡುತ್ತಿದ್ದಳು. ಅಕ್ಕ ಅವಳ ತಲೆ ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಹೋಗಿ ಅರಳಿಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ಸಂಜೆ ವಾಪಸ್ ಬರುವಾಗ ನೋಡಿದರೆ ಆ ಹುಡುಗಿಯೂ ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಮುಂದಿನ ಗುರುವಾರವೂ ಹೋದರು. ಅದರ ಮುಂದಿನ ಗುರುವಾರವೂ. ನಾಲ್ಕನೇ ವಾರ ನಮ್ಮ ಬಸ್ಸು ಹೋದಾಗ ಸ್ಟಾಪಿನಲ್ಲಿ ಹುಡುಗಿ ಇರಲಿಲ್ಲ. ಶಾಲೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಅಕ್ಕ ಬಸ್ಸಿನಿಂದ ಇಳಿಯಲೇ ಇಲ್ಲ. ಬೇಲೂರಿನವರೆಗೆ ಬಂದು ನಮ್ಮ ಜೊತೆಯಲ್ಲೇ ವಾಪಸ್ ಹೋದರು. ಏನು ಹೇಳಿದರು, ಏನು ಮಾಡಿದರು ಅಂತ ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ. ಅದೇ ಮಾತು, ಅದೇ ಕಾಫಿ. ಒಂದೇ ಒಂದು ಬದಲಾಯಿತು. ಮುಂದಿನ ಸಲ ಪೆಟ್ಟಿಗೆ ಹೊರಡುವ ದಿನ ನಾನು ಹೋದಾಗ, ಬಾಯಲ್ಲಿ ಹೇಳದೆ, ಹಳೇ ಟಿಕೆಟ್ ಪುಸ್ತಕದ ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದನ್ನು ತೂತಿನಿಂದ ಆಚೆ ತಳ್ಳಿದರು.

"ಇದನ್ನ ಓದಿ ಹೇಳು. ಏನೂ ಸೇರಿಸ್ಬೇಡ. ಏನೂ ಬಿಡ್ಬೇಡ."

ಆ ವಿಷಯದಲ್ಲಿ ಅವರು ನನಗೆ ಹೇಳಿದ್ದು ಅಷ್ಟೇ. ಆಮೇಲೆ ಎಷ್ಟೋ ವರ್ಷ ಆ ಚೀಟಿಗಳನ್ನು ಡ್ರೈವರ್ ಸೀಟಿನ ಹಿಂದಿನ ತಗಡಿಗೆ ಅಂಟಿಸಿಕೊಂಡು ಓದಿ ಹೇಳಿದ್ದೇನೆ. ದುಂಡನೆಯ ಅಕ್ಷರ. ಒಂದರಲ್ಲಿ, ಅಜ್ಜಂದಿರನ್ನು ಕರೆದುಕೊಂಡು ಹೋಗಿ, ಅವರ ಕಾಲದ ಹಾಡಿದೆ ಅಂತ ಇತ್ತು. ಇನ್ನೊಂದರಲ್ಲಿ, ಗಂಡ ಕುಡಿಯುವ ಮನೆಯ ಹೆಂಗಸರು ಗಂಡನ ಜೊತೆ ಹೋಗಬೇಡಿ, ಅಣ್ಣನ ಜೊತೆ ಹೋಗಿ ಅಂತ. ಇದನ್ನು ನಾನು ಬಸ್ಸಿನಲ್ಲಿ ಜೋರಾಗಿ ಓದಬೇಕಾಗಿತ್ತು. ಓದಿದೆ. ಹಿಂದಿನ ಸೀಟಿನ ಒಬ್ಬ, ಹೋಗ್ಲಿ ಬುಡಪ್ಪ, ನಮ್ ಮನೇಲಿ ಭಾವಮೈದನೂ ಕುಡೀತಾನೆ ಅಂದ. ಬಸ್ಸೆಲ್ಲ ನಕ್ಕಿತು. ಹೀಗೆ ನಿಧಾನವಾಗಿ ಜಾವಗಲ್ಲಿನವರು ಮತ್ತೆ ಕೇಳತೊಡಗಿದರು, ಹಳೇಬೀಡಿನವರೂ ಕೇಳಿದರು. ಮಾದಿಹಳ್ಳಿಯ ಸ್ಟಾಪಿನಲ್ಲಿ ಮಾತ್ರ ಯಾರೂ ಕೇಳಲಿಲ್ಲ. ಅಲ್ಲಿ ಆ ಅಜ್ಜಿ ಇತ್ತು.

ಟೆಂಟುಗಳು ಹೋದವು. ಟಾಕೀಸು ಮುಚ್ಚಿ ಈಗ ಅಲ್ಲಿ ಕೊಬ್ಬರಿ ಮೂಟೆ ಜೋಡಿಸಿದ್ದಾರೆ. ಅಕ್ಕ ಕೆಲಸ ಹೋದ ಮೇಲೆ ಒಂದು ಅಂಗನವಾಡಿಯಲ್ಲಿ ಸ್ವಲ್ಪ ದಿನ ಅಡುಗೆ ಮಾಡಿದರು. ತಂಗಿಯ ಮಗಳು ಫೋನು ಕೊಡಿಸಿದ ಮೇಲೆ ಹಳೆಯ ಮನೆಗಳ ಮಕ್ಕಳು, ಸೊಸೆಯರು ಫೋನು ಮಾಡಿ ಕೇಳುತ್ತಿದ್ದರು. ಈಗ ಒಂದೊಂದು ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ನೋಡ್ತಾರಂತೆ, ನನಗೆ ಅರ್ಧ ಕೆಲಸ ಉಳೀತು ಅಂತ ಒಂದು ಭಾನುವಾರ ಅಂದಿದ್ದರು. ಅದು ಅವರಿಗೆ ಇಷ್ಟವಾದ ವಿಷಯವೋ ಅಲ್ಲವೋ ಮುಖ ನೋಡಿ ಗೊತ್ತಾಗಲಿಲ್ಲ.

ಅವರ ತಿಥಿ ಮುಗಿದ ಮೇಲೆ ನಾನು ಮಾದಿಹಳ್ಳಿಗೆ ಹೋದೆ. ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕ ಕೂತು. ಆ ಹುಡುಗಿಗೆ ಈಗ ಮೂವತ್ತರ ಹತ್ತಿರ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಕೆಲಸ, ಪಕ್ಕದ ಬೀದಿಗೇ ಮದುವೆ ಮಾಡಿ ಕೊಟ್ಟಿದ್ದಾರೆ. ಸಂಜೆಯ ಹಾಲು ಬರುವುದಕ್ಕೆ ಮೊದಲು ಕ್ಯಾನು ತೊಳೆಯುತ್ತಿದ್ದಳು. ನೋಡಿದ ಕೂಡಲೇ, ನೀವು ಆ ಬಸ್ಸಿನ ಕಂಡಕ್ಟ್ರಲ್ವಾ ಅಂದಳು. ಅಕ್ಕ ತೀರಿಕೊಂಡರು ಅಂದೆ. ಕೈ ತೊಳೆದುಕೊಂಡು ಬಂದು ಕೂತಳು.

ನಾನು ಎಲ್ಲವನ್ನೂ ಹೇಳಿದೆ. ಅಕ್ಕ ಹೇಳಿ ಕಳಿಸಿದ್ದು ಏನು, ನಾನು ಬಿಟ್ಟದ್ದು ಏನು, ಕೌಂಟರಿನ ಹತ್ತಿರ ನಿಂತು ಸುಮ್ಮನಿದ್ದದ್ದು. ಎಷ್ಟು ವರ್ಷ ಮನಸ್ಸಿನಲ್ಲಿ ಹೇಳಿಕೊಂಡಿದ್ದರೂ ಬಾಯಲ್ಲಿ ಹೇಳುವುದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

"ನಮ್ಮಜ್ಜಿ ಸಾಯೋವರ್ಗೂ ಅವರ್ನ ಬೈತಿತ್ತು," ಅಂದಳು. "ನಂಗೆ ಅವರ ಮೇಲೆ ಸಿಟ್ಟಿರ್ಲಿಲ್ಲ. ಆದ್ರೂ ಅಜ್ಜಿ ಎದುರಿಗೆ ಮಾತಾಡ್ಲಿಲ್ಲ."

ಆ ಮೂರು ಗುರುವಾರ ಏನಾಯಿತು ಅಂತ ನಾನು ಕೇಳಿದೆ. ಮೊದಲನೇ ವಾರ ಸುಮ್ಮನೆ ಕೂತಿದ್ದರಂತೆ. ಬಸ್ಸು ಬಂದಾಗಲೆಲ್ಲ ಅವರೂ ಎದ್ದು ಬಂದು ಇವಳ ಪಕ್ಕದಲ್ಲಿ ನಿಂತು ಇಳಿಯುವವರನ್ನು ನೋಡಿದರಂತೆ. ಎರಡನೇ ವಾರ ಅಮ್ಮ ಹೇಗಿದ್ದರು, ಯಾವ ಸೀರೆ ಉಡುತ್ತಿದ್ದರು ಅಂತ ಕೇಳಿದರಂತೆ. ಮೂರನೇ ವಾರ ಟಾಕೀಸಿನ ಆಪರೇಟರ್ ಹತ್ತಿರ ಕೇಳಿ ತಂದಿದ್ದ ಫಿಲ್ಮಿನ ಒಂದು ತುಂಡನ್ನು ಸೆರಗಿನ ಗಂಟಿನಿಂದ ತೆಗೆದು ಬಿಸಿಲಿಗೆ ಹಿಡಿದು ತೋರಿಸಿದರಂತೆ. ಅದೇ ಸಿನಿಮಾದ್ದು. ಬಟ್ಟೆ ಚೀಲ ಹಿಡಿದ ಹೆಂಗಸು ಬಸ್ಸಿನ ಮೆಟ್ಟಿಲ ಮೇಲೆ, ಒಂದರ ಕೆಳಗೆ ಒಂದು, ಅದೇ ಚಿತ್ರ.

"ಎಷ್ಟುದ್ದ ಐತೆ ಅಳತೆ ಮಾಡು ಅಂದ್ರು. ನಾನು ಕೈಯಲ್ಲಿ ಅಳೆದೆ, ಒಂದು ಮೊಳ ಇತ್ತು. ಇವಳು ಬರೋದು ಈ ಒಂದು ಮೊಳದಲ್ಲಿ ಮಾತ್ರ ಕಣಮ್ಮ, ಇದರಾಚೆ ಇವಳೂ ಬರಲ್ಲ ಅಂದ್ರು. ನಾನು ಅತ್ತೆ. ಅವರು ಸುಮ್ನಿರು ಅನ್ಲಿಲ್ಲ. ಅಳು ನಿಲ್ಲೋವರ್ಗೂ ಕೂತಿದ್ರು."

ಹೊರಗೆ ಹಾಲು ಹಾಕುವವರು ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದ್ದರು. ಅವಳು ಎದ್ದಳು. ಎದ್ದವಳು ತಿರುಗಿ ಕೇಳಿದಳು:

"ನೀವೇ ಅಂತ ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀವು ಹೇಳಿದ್ರಾ?"

"ಇಲ್ಲ."

ಅವಳು ತಲೆ ಆಡಿಸಿ ಹಾಲು ಅಳೆಯಲು ಹೋದಳು. ನಾನು ಸಂಜೆಯ ಬಸ್ಸಿಗೆ ಅರಸೀಕೆರೆಗೆ ಬಂದೆ. ಈಗ ಜಾವಗಲ್ಲಿನಲ್ಲಿ, ಹಳೇಬೀಡಿನಲ್ಲಿ ಆ ಕಾಲದವರು ಯಾರಾದರೂ ಸಿಕ್ಕಿದರೆ, ತಪ್ಪು ಅಕ್ಕನದಲ್ಲ, ನನ್ನದು ಅಂತ ಹೇಳುತ್ತಿದ್ದೇನೆ. ನೆನಪಿರುವವರು ಕಡಿಮೆ, ಇರುವವರು ಕೇಳಿಕೊಂಡು ಹೂಂ ಅನ್ನುತ್ತಾರೆ. ಅಕ್ಕನಿಗೆ ನಾನು ಹೇಳಲಿಲ್ಲ.